ಗಂಜಿ ತೆಗೆಯದ ಗಾಜಿನ ಬಟ್ಟೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊಸೂರು ಪಕ್ಕದ ಮೂಕಂಡಪಲ್ಲಿ ಹತ್ತಿರದ ಒಂದು ಫೈಬರ್‌ಗ್ಲಾಸ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕೆಲಸಕ್ಕಿದ್ದೆ. ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಅಲ್ಲಿ ನಡೆದದ್ದರ ಬಗ್ಗೆ ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಮ್ಮದು ಹೊಸೂರಿನಲ್ಲೇ ಬೇರೂರಿದ ಮನೆ. ಅಪ್ಪ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ನಾನು ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಆಗ ಊರ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ಲ್ಯಾಬಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರಂತೆ ಎಂದು ಯಾರೋ ಅಪ್ಪನಿಗೆ ಹೇಳಿದರು. ಹೋದೆ, ಸಿಕ್ಕಿತು. ಲ್ಯಾಬ್ ಎಂದರೆ ಶೆಡ್ಡಿನ ಮೂಲೆಯಲ್ಲಿ ಪ್ಲೈವುಡ್ ಅಡ್ಡ ನಿಲ್ಲಿಸಿದ್ದ ಒಂದು ಕೋಣೆ. ತುಂಡುಗಳನ್ನು ಬಗ್ಗಿಸಿ ಮುರಿಯುವ ಒಂದು ಯಂತ್ರ, ಒಂದು ತಕ್ಕಡಿ, ಒಂದು ಹೀಟರ್. ಇಡೀ ಕಾರ್ಖಾನೆಯಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ.

ಅಲ್ಲಿ ಗಾಜಿನ ನೂಲಿನಿಂದ ನೇಯ್ದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ರೆಸಿನ್ ಎಂಬ ಅಂಟುದ್ರವ ಬಳಿದು, ಅದರ ಮೇಲೆ ಮತ್ತೊಂದು ಬಟ್ಟೆ ಹಾಸಿ, ಹೀಗೆ ಪದರ ಪದರವಾಗಿ ಕಟ್ಟಿ ದೊಡ್ಡ ದೊಡ್ಡ ಟ್ಯಾಂಕುಗಳನ್ನು ಮಾಡುತ್ತಿದ್ದರು. ಆಸಿಡ್ ತುಂಬಿಡುವ ಟ್ಯಾಂಕುಗಳು. ಕಬ್ಬಿಣವಾದರೆ ಆಸಿಡ್ ತಿಂದುಹಾಕುತ್ತದೆ, ಇದನ್ನು ತಿನ್ನುವುದಿಲ್ಲ. ಆದರೆ ಗಾಜಿನ ಬಟ್ಟೆ ಮಿಲ್ಲಿನಿಂದ ಬರುವಾಗ ಅದರ ಮೈಮೇಲೆ ಗಂಜಿ ಮತ್ತು ಎಣ್ಣೆಯ ಪೊರೆ ಇರುತ್ತದೆ. ನೇಯುವಾಗ ನೂಲು ಉಜ್ಜಿ ಹರಿಯದಿರಲಿ ಎಂದು ಹಚ್ಚಿದ್ದು ಅದು. ಆ ಪೊರೆ ಇದ್ದರೆ ರೆಸಿನ್ ಗಾಜಿಗೆ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಬಟ್ಟೆಯನ್ನು ಓವನ್ನಿನಲ್ಲಿಟ್ಟು ಆ ಗಂಜಿಯನ್ನು ಸುಡಬೇಕು, ಆಮೇಲೆ ಸೈಲೇನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಅದ್ದಿ ಒಣಗಿಸಬೇಕು.

ಈ ಸುಡುವ, ಅದ್ದುವ ಕೆಲಸ ನೋಡಿಕೊಳ್ಳುತ್ತಿದ್ದವನು ಕೆಲಮಂಗಲದ ಕಡೆಯ ಒಬ್ಬ ನೇಕಾರ. ಐವತ್ತು ದಾಟಿದವನು. ಮಗ್ಗ ನಿಂತುಹೋದ ಮೇಲೆ ಕಾರ್ಖಾನೆಗೆ ಬಂದಿದ್ದ. ನಾನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದ. ಸೇರಿದ ಹೊಸತರಲ್ಲಿ ನಾನು ಪುಸ್ತಕದಲ್ಲಿ ಓದಿದ್ದನ್ನು ಅವನಿಗೆ ವಿವರಿಸಲು ಹೋದೆ. ಅವನು ನಕ್ಕುಬಿಟ್ಟ.

"ಇದ್ರಾಗೇನೈತೆ ಅಮ್ಮಣ್ಣಿ? ನಮ್ಮಪ್ಪ ಮಗ್ಗಕ್ಕೆ ಹೂಡಾಕ್ ಮುಂಚೆ ನೂಲಿಗೆ ಹಿಂಗೇ ಗಂಜಿ ಬಳೀತಿದ್ದ. ಆ ಗಂಜಿ ತೆಗೀದೆ ಬಣ್ಣಕ್ಕಾಕಿದ್ರೆ ಬಣ್ಣ ಹಿಡಿಯಾಕಿಲ್ಲ. ಮೇಲ್ಮೇಲೆ ಕೂತ್ಕಂಡು, ಒಂದ್ ಸಲ ಒಗೆದ್ರೆ ಹೊಂಟೋಯ್ತದೆ."

ಸೈಲೇನನ್ನು ಅವನು ಮದ್ದು ಎಂದೇ ಕರೆಯುತ್ತಿದ್ದ. ಅದು ಒಂದು ಕೈಯಲ್ಲಿ ಗಾಜನ್ನೂ ಇನ್ನೊಂದು ಕೈಯಲ್ಲಿ ರೆಸಿನ್ನನ್ನೂ ಹಿಡಿದುಕೊಂಡು ನಿಲ್ಲುತ್ತದೆ ಎಂದು ನಾನು ಹೇಳಿದ್ದು ಮಾತ್ರ ಅವನಿಗೆ ಬಹಳ ಇಷ್ಟವಾಗಿತ್ತು. ಬೆಳಿಗ್ಗೆ ಕಲಸಿದ ಮದ್ದನ್ನು ಮಾರನೆಯ ದಿನಕ್ಕೆ ಇಡುತ್ತಿರಲಿಲ್ಲ. ತಲೆಯ ಎಣ್ಣೆ ಬಟ್ಟೆಗೆ ತಾಕಬಾರದೆಂದು ಟವೆಲ್ ಬಿಗಿದು ಕಟ್ಟುತ್ತಿದ್ದ. ಸುಟ್ಟ ಗಾಜಿನ ಬಟ್ಟೆ ಹಪ್ಪಳದಷ್ಟು ನಾಜೂಕು. ಅದನ್ನು ಎರಡೂ ಮುಂಗೈ ಮೇಲೆ ಹೊತ್ತು, ಮಲಗಿದ ಕೂಸನ್ನು ತರುವ ಹಾಗೆ ತೊಟ್ಟಿಗೆ ತರುತ್ತಿದ್ದ. ಅವನಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದವರನ್ನು ನಾನು ಆ ಶೆಡ್ಡಿನಲ್ಲಿ ಮತ್ತೆ ಕಾಣಲಿಲ್ಲ.

ಒಂದು ಬೇಸಿಗೆ ಕೃಷ್ಣಗಿರಿ ರಸ್ತೆಯಲ್ಲಿದ್ದ, ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯಿಂದ ಬಹಳ ಟ್ಯಾಂಕುಗಳಿಗೆ ಆರ್ಡರ್ ಬಂತು. ಅದೇ ಹೊತ್ತಿಗೆ ಮದ್ದಿನ ಡಬ್ಬ ತಳ ಕಂಡಿತು. ಅದು ಹೊರದೇಶದಿಂದ ಬರಬೇಕು, ಬರುವುದು ತಡ. ನಮ್ಮ ವರ್ಕ್ಸ್ ಮ್ಯಾನೇಜರ್ ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಿದ್ದವರು, ಶರ್ಟಿಗೆ ಕಲೆ ಆಗದ ಮನುಷ್ಯ. ತೊಟ್ಟಿಯ ಹತ್ತಿರ ಬಂದು ನಿಂತು, "ಇವತ್ತಿನಿಂದ ಇದು ಬೇಡ. ಓವನ್ನೂ ಬೇಡ, ಅದಕ್ಕೆಲ್ಲ ಟೈಮಿಲ್ಲ. ಬಟ್ಟೆ ನೇರ ಅಚ್ಚಿಗೆ ಹೋಗಲಿ" ಎಂದರು.

ಅಣ್ಣ ಕೈ ಒರೆಸಿಕೊಳ್ಳುತ್ತಾ ಹೇಳಿದ, "ಸಾರ್, ಹಂಗೆ ಮಾಡಿದ್ರೆ ಒಳಗೆ ಹಿಡಿಯಾಕಿಲ್ಲ ಸಾರ್. ನೀರು ನುಗ್ಗುತ್ತೆ."

"ನೀನು ಎಂಜಿನಿಯರಾ?" ಎಂದು ಕೇಳಿ ಅವರು ಹೊರಟುಹೋದರು. ಆ ವಾರವೇ ಅವನನ್ನು ಟ್ಯಾಂಕಿನ ಅಂಚು ಉಜ್ಜುವ ಕೆಲಸಕ್ಕೆ ಹಾಕಿದರು. ಗಾಜಿನ ದೂಳು ಮೈಗೆ ಚುಚ್ಚಿಕೊಂಡು ಇಡೀ ದಿನ ನವೆ. ಮುಂಗೈ ತುಂಬಾ ಗಂಧೆ ಎದ್ದಿರುತ್ತಿತ್ತು.

ನಾನು ಪರೀಕ್ಷೆಗೆಂದು ಟ್ಯಾಂಕಿನ ಗೋಡೆಯ ಹಾಗೇ ಪದರ ಕಟ್ಟಿಸಿ ಎರಡು ಸಣ್ಣ ಹಲಗೆ ಮಾಡಿಸಿದೆ. ಒಂದು ಹಳೆಯ ಸ್ಟಾಕಿನಲ್ಲಿ ಉಳಿದಿದ್ದ ಮದ್ದು ಹಾಕಿದ ಬಟ್ಟೆಯದು, ಇನ್ನೊಂದು ಗಂಜಿ ತೆಗೆಯದ್ದು. ಒಣಗಿದ ತುಂಡುಗಳನ್ನು ಯಂತ್ರಕ್ಕೆ ಕೊಟ್ಟಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಎರಡನ್ನೂ ನೀರಿನಲ್ಲಿ ಕುದಿಸಿದೆ. ತಿಂಗಳುಗಟ್ಟಲೆ ನೀರು ಮಾಡುವ ಹಾನಿಯನ್ನು ಕುದಿಯುವ ನೀರು ಕೆಲವು ಗಂಟೆಗಳಲ್ಲಿ ತೋರಿಸುತ್ತದೆ. ಮದ್ದಿನ ತುಂಡು ಹಾಗೇ ಇತ್ತು. ಗಂಜಿಯ ತುಂಡು ಬೆಳ್ಳಗಾಗಿ ಉಬ್ಬಿತು. ಅಂಚಿಗೆ ಉಗುರು ಹಾಕಿದರೆ ಪದರ ಬಾಳೆಪಟ್ಟೆಯ ಹಾಗೆ ಬಿಟ್ಟುಕೊಂಡಿತು.

ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಏನಮ್ಮ, ಗಿರಾಕಿ ನಮ್ಮ ಟ್ಯಾಂಕನ್ನ ಒಲೆ ಮೇಲಿಟ್ಟು ಬೇಯಿಸ್ತಾನಾ?"

"ಇಲ್ಲ ಸಾರ್. ಆದರೆ ಅದರಲ್ಲಿ ಆಸಿಡ್ ವರ್ಷಗಟ್ಟಲೆ ನಿಂತಿರುತ್ತೆ."

"ಒಣಗಿದ್ದು ಪಾಸಾಯ್ತು ತಾನೇ? ಅದನ್ನ ಬರಿ. ಅದು ಸುಳ್ಳೇನಲ್ವಲ್ಲ."

ಹೌದು, ಸುಳ್ಳಲ್ಲ. ಆ ಮಾತಿನ ಚಾಲಾಕಿತನ ನೆನೆದರೆ ನನಗೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ದಿನವಿಡೀ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡುವ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, "ದೊಡ್ಡವರು ಹೇಳಿದ ಮೇಲೆ ಜವಾಬ್ದಾರಿ ಅವರದು, ನಿನ್ನದೇನಿದೆ?" ಎಂದರು. ಮಾರನೆಯ ದಿನ ನಾನು ಒಣಗಿದ ತುಂಡಿನ ಫಲಿತಾಂಶ ಬರೆದು, ಕೆಳಗೆ ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಒಂದಾದ ಮೇಲೆ ಒಂದರಂತೆ ಆ ಆರ್ಡರಿನ ಪ್ರತಿ ಟ್ಯಾಂಕಿಗೂ ಸಹಿ ಹಾಕಿದೆ. ಕುದಿಸಿದ ತುಂಡುಗಳಿಗೆ ಚೀಟಿ ಅಂಟಿಸಿ ಡ್ರಾಯರಿನಲ್ಲಿಟ್ಟೆ, ನನ್ನ ನೋಟ್‌ಬುಕ್ಕಿನಲ್ಲಿ ಎರಡೂ ಫಲಿತಾಂಶ ಬರೆದುಕೊಂಡೆ. ಅಷ್ಟರಿಂದಲೇ ನಾನು ಪ್ರಾಮಾಣಿಕಳಾಗಿ ಉಳಿದೆ ಎಂದು ಆಗ ಅಂದುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲೇಟಿಂಗ್ ಕಾರ್ಖಾನೆಯಿಂದ ಸುದ್ದಿ ಬಂತು. ಒಂದು ಟ್ಯಾಂಕಿನ ಬುಡ ಒಳಗೊಳಗೇ ಪದರ ಬಿಟ್ಟು ಆಸಿಡ್ ಜಿನುಗಿದೆ. ನೆಲ ಒರೆಸುವ ಹೆಂಗಸು ಅದನ್ನು ನೀರೆಂದುಕೊಂಡು ಬರಿಗಾಲಿನಲ್ಲಿ ಒರೆಸಿದ್ದಾಳೆ. ಎರಡೂ ಪಾದ ಸುಟ್ಟು ಆಸ್ಪತ್ರೆಯಲ್ಲಿದ್ದಾಳೆ.

ಮ್ಯಾನೇಜರ್ ಆ ಹೆಂಗಸಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಅವರು ಮೊದಲು ಮಾಡಿದ ಕೆಲಸವೆಂದರೆ ಟೈಪಿಸ್ಟನ್ನು ಕರೆದು ಇಂಗ್ಲಿಷಿನಲ್ಲಿ ಒಂದು ಕಾಗದ ಹೊಡೆಸಿದ್ದು. ಅದನ್ನು ನನ್ನ ಕೈಗೆ ಕೊಟ್ಟು, "ಆ ನೇಕಾರನಿಗೆ ಓದಿ ಹೇಳಿ ಸಹಿ ಹಾಕಿಸ್ಕೊಂಡು ಬಾ. ನಿನ್ನ ಮಾತು ಕೇಳ್ತಾನೆ" ಎಂದರು.

ಅಣ್ಣ ಶೆಡ್ಡಿನ ಹಿಂದೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ನಾನು ಕಾಗದವನ್ನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಗಾಜಿನ ಬಟ್ಟೆಗೆ ಮದ್ದು ಅದ್ದುವುದರಲ್ಲಿ ತಾನು ಅಜಾಗರೂಕತೆ ತೋರಿದ್ದಾಗಿಯೂ, ಟ್ಯಾಂಕು ಕೆಟ್ಟದ್ದಕ್ಕೆ ತಾನೇ ಕಾರಣವೆಂದೂ, ಕ್ಷಮಿಸಬೇಕೆಂದೂ ಅದರಲ್ಲಿತ್ತು.

ಅವನು ನಲ್ಲಿ ನಿಲ್ಲಿಸಿದ.

"ತೊಟ್ಟೀಲಿ ಮದ್ದೇ ಇರ್ನಿಲ್ಲ. ನಾನು ಅದ್ದೇ ಇಲ್ಲ. ಅದ್ದೋದ್ರಾಗೆ ನಾನೇನ್ ತಪ್ಪು ಮಾಡ್ಲಿ ಅಮ್ಮಣ್ಣಿ?"

"ಗೊತ್ತು ಅಣ್ಣ."

"ನಿಂಗ್ ಗೊತ್ತು. ಆದ್ರೂ ತಗಂಡ್ ಬಂದಿದೀಯ."

ಅವನು ಒದ್ದೆ ಕೈಯಿಂದಲೇ ಕಾಗದ ಇಸಿದುಕೊಂಡು ನಾಲ್ಕಾಗಿ ಮಡಿಸಿ ನನಗೇ ವಾಪಸ್ಸು ಕೊಟ್ಟ. "ನಾನ್ ಹಾಕಾಕಿಲ್ಲ ಅಂತ ಹೇಳ್ಬುಡು" ಎಂದ. ಆ ಮಧ್ಯಾಹ್ನವೇ ಅವನನ್ನು ಗೇಟಿನಿಂದ ಹೊರಗೆ ಕಳಿಸಿದರು. ಸಹಿ ಇಲ್ಲದ ಕಾಗದವನ್ನು ಅವನ ಫೈಲಿಗೆ ಸೇರಿಸಿದರು.

ಎರಡು ದಿನದ ನಂತರ ಪ್ಲೇಟಿಂಗ್ ಕಾರ್ಖಾನೆಯ ಎಂಜಿನಿಯರ್ ಬಂದರು. ಕೃಷ್ಣಗಿರಿಯವರು, ತಮಿಳರು, ಹೆಚ್ಚು ಮಾತಾಡುವವರಲ್ಲ. ಮ್ಯಾನೇಜರ್ ಅವರಿಗೆ ಕಾಫಿ ಕೊಡಿಸಿ, ಒಬ್ಬ ಕೆಲಸಗಾರನ ಬೇಜವಾಬ್ದಾರಿ, ಅವನನ್ನು ತೆಗೆದುಹಾಕಿದ್ದೇವೆ ಎಂದು ವಿವರಿಸುತ್ತಿದ್ದುದು ಪ್ಲೈವುಡ್ಡಿನ ಆಚೆಯಿಂದ ನನಗೆ ಕೇಳಿಸುತ್ತಿತ್ತು. ನಾನು ಹೀಟರ್ ಹಚ್ಚಿದೆ. ಪಾತ್ರೆಯಲ್ಲಿ ನೀರಿಟ್ಟು, ಆ ಆರ್ಡರಿನ ಟ್ಯಾಂಕುಗಳ ಅಂಚಿನಿಂದಲೇ ಕತ್ತರಿಸಿ ಇಟ್ಟಿದ್ದ ತುಂಡುಗಳನ್ನು ಹಾಕಿದೆ. ಡ್ರಾಯರಿನಲ್ಲಿದ್ದ ಹಳೆಯ ತುಂಡುಗಳನ್ನೂ ನೋಟ್‌ಬುಕ್ಕನ್ನೂ ಎತ್ತಿಕೊಂಡು ಹೋಗಿ ಅವರಿಬ್ಬರ ನಡುವೆ ಮೇಜಿನ ಮೇಲಿಟ್ಟೆ.

"ಸಾರ್, ಆ ಕೆಲಸಗಾರ ಏನೂ ಮಾಡಿಲ್ಲ. ಅವನಿಗೆ ಮಾಡೋಕೆ ಬಿಡಲೇ ಇಲ್ಲ" ಎಂದೆ. ನನ್ನ ತಮಿಳು ಚೆನ್ನಾಗಿಯೇ ಇತ್ತು, ಆದರೆ ಅಂದು ಸಿಟ್ಟಿಗೆ ನಾಲಿಗೆ ತಡವರಿಸುತ್ತಿತ್ತು.

"ನೀನು ನಿನ್ನ ರೂಮಿಗೆ ಹೋಗಮ್ಮ" ಎಂದರು ಮ್ಯಾನೇಜರ್. ನಾನು ಹೋಗಲಿಲ್ಲ. "ಇನ್ನೂ ಅನುಭವ ಇಲ್ಲದ ಹುಡುಗಿ" ಎಂದು ಎಂಜಿನಿಯರ ಕಡೆ ತಿರುಗಿ ನಕ್ಕರು. ಎಂಜಿನಿಯರ್ ನಗಲಿಲ್ಲ. ಅವರು ತುಂಡನ್ನು ಎತ್ತಿ ಅಂಚಿಗೆ ಹೆಬ್ಬೆರಳು ಕೊಟ್ಟರು. ಪದರ ಸದ್ದಿಲ್ಲದೆ ಬಿಟ್ಟಿತು. ಎದ್ದು ನನ್ನ ಕೋಣೆಗೆ ಬಂದು, ಹೀಟರಿನ ಮೇಲೆ ಕುದಿಯುತ್ತಿದ್ದ ಪಾತ್ರೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಆ ತುಂಡುಗಳು ಉಬ್ಬುವವರೆಗೂ ಅಲ್ಲಾಡಲಿಲ್ಲ.

ಆಮೇಲೆ ತಮ್ಮ ಚೀಲದಿಂದ ಟ್ಯಾಂಕಿನ ಜೊತೆ ನಾವು ಕಳಿಸಿದ್ದ ಪರೀಕ್ಷಾ ಪತ್ರ ತೆಗೆದು ನನ್ನ ಮುಂದೆ ಹಿಡಿದರು.

"ಈ ಸಹಿ ಯಾರದಮ್ಮ?"

"ನಂದೇ ಸಾರ್."

ಅವರು ಬೈದಿದ್ದರೆ ಒಳ್ಳೆಯದಿತ್ತು. ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು.

ಟ್ಯಾಂಕುಗಳೆಲ್ಲ ಲಾರಿಗಳಲ್ಲಿ ವಾಪಸ್ಸು ಬಂದು ಶೆಡ್ಡಿನ ಹಿಂದೆ ಬಿದ್ದವು. ಮದ್ದು ಬಂತು, ಓವನ್ ಮತ್ತೆ ಹತ್ತಿತು. ಅದ್ದುವುದಕ್ಕೆ ಅವನಂಥ ಕೈ ಸಿಗದೆ ಅಣ್ಣನಿಗೆ ಹೇಳಿಕಳಿಸಿದರು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ತೊಟ್ಟಿಯ ಕಡೆ ಹೋಗದೆ ಆಫೀಸಿನ ಬಾಗಿಲಲ್ಲೇ ನಿಂತು, "ನನ್ ಫೈಲಿಂದ ಆ ಕಾಗ್ದ ಮೊದ್ಲು ತೆಗೀರಿ. ಆಮ್ಯಾಕೆ ಕೆಲ್ಸ" ಎಂದ. ಫೈಲಿಗೆ ಸೇರಿದ ಕಾಗದ ತೆಗೆಯುವ ಹಾಗಿಲ್ಲ ಎಂದರು. "ಹಂಗಾರೆ ನಾನ್ ಬತ್ತೀನಿ" ಎಂದು ಕೈ ಮುಗಿದು ಹೊರಟೇಹೋದ. ಆಮೇಲೆ ಕೆಲಮಂಗಲದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಾನೆ ಎಂದು ಕೇಳಿದೆ. ಇಷ್ಟೆಲ್ಲ ಆದ ಮೇಲೆ ಮ್ಯಾನೇಜರಿಗೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಮದ್ರಾಸಿನ ಕಡೆ ಇನ್ನೂ ದೊಡ್ಡ ಕಾರ್ಖಾನೆಗೆ, ಇನ್ನೂ ದೊಡ್ಡ ಕುರ್ಚಿಗೆ ಹೋದರು. ಹಾರ ಹಾಕಿ, ಸ್ವೀಟು ಹಂಚಿ ಕಳಿಸಿಕೊಟ್ಟರು. ನನ್ನ ಮೇಜಿಗೆ ಬಂದ ಸ್ವೀಟನ್ನು ನಾನು ಕಸದ ಬುಟ್ಟಿಗೆ ಹಾಕಿದೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಲಿಲ್ಲ.

ಪಾದ ಸುಟ್ಟುಕೊಂಡ ಹೆಂಗಸನ್ನು ನೋಡಲು ಧೈರ್ಯ ಬರುವುದಕ್ಕೆ ನನಗೆ ಬಹಳ ದಿನ ಬೇಕಾಯಿತು. ಅವಳ ಹಳ್ಳಿ ಕೃಷ್ಣಗಿರಿ ರಸ್ತೆಯಿಂದ ಒಳಗೆ. ಮನೆಯಲ್ಲಿ ತೆಲುಗು, ನನ್ನೊಡನೆ ಕನ್ನಡ. ಜಗಲಿಯ ಮೇಲೆ ಕಾಲು ಚಾಚಿಕೊಂಡು ಹುರುಳಿ ಹಸನು ಮಾಡುತ್ತಿದ್ದಳು. ಪಾದಗಳ ಚರ್ಮ ಬಿಗಿದು, ಬಣ್ಣ ಹೋಗಿ, ಬೆರಳುಗಳು ಒಂದಕ್ಕೊಂದು ಅಂಟಿದ ಹಾಗಿದ್ದವು. ನನ್ನನ್ನು ಕೂರಿಸಿ ಮಜ್ಜಿಗೆ ಕೊಡಿಸಿದಳು. ಟ್ಯಾಂಕು ಮಾಡಿದ ಕಾರ್ಖಾನೆಯವಳು ಎಂದು ಹೇಳಿದರೂ ಅವಳು ಮುಖ ಸಿಂಡರಿಸಲಿಲ್ಲ. ಅದನ್ನು ತಾಳಲಾರದೆ ನಾನು ಎಲ್ಲವನ್ನೂ ಹೇಳಿದೆ. ಗಂಜಿ, ಮದ್ದು, ಕುದಿಸಿದ್ದು, ಸಹಿ.

ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಅದು ಸೋರ್ತದೆ ಅಂತ ನಿಂಗ್ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಒಂದ್ ಮಾತು ಹೇಳಿ ಕಳಿಸ್ಬೋದಿತ್ತಲ್ಲ? ಚಪ್ಲಿ ಮೆಟ್ಕಂಡು ವರ್ಸು ಅಂತ?"

ಅವಳು ನನ್ನ ಮುಂದಿದ್ದ ಮಜ್ಜಿಗೆ ಲೋಟವನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು.

"ಎದ್ದೋಗು" ಎಂದಳು. ನಾನು ಎದ್ದು ಬಂದೆ.