ಜಯಕ್ಕನ ತಂಪು ಪೆಟ್ಟಿಗೆ

ಜಯಕ್ಕ ಯಾವ ಫ್ರಿಜ್ಜನ್ನೂ ಮುಂದಿನಿಂದ ನೋಡುತ್ತಿರಲಿಲ್ಲ. ಬಂದವರು ಬಾಗಿಲು ತೆಗೆದು "ಒಳಗೆ ತಣ್ಣಗಾಗ್ತಾನೇ ಇಲ್ಲ ಕಣ್ರೀ" ಎಂದು ಗೋಳಾಡುತ್ತಿದ್ದರೆ, ಅವರು ಬಳೆ ಮೇಲೇರಿಸಿಕೊಂಡು ನೇರ ಹಿಂದಕ್ಕೆ ಹೋಗಿ ಅದರ ಬೆನ್ನಿಗೆ ಅಂಗೈ ಇಡುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಯಶವಂತಪುರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ರಿಪೇರಿ ಅಂಗಡಿ ಇಟ್ಟ ಹೆಂಗಸು ಅವರೊಬ್ಬರೇ. ದಿನಾ ಮಾಕಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. "ಮೆಕ್ಯಾನಿಕ್ ಇಲ್ವಾ?" ಎಂದವರ ಮುಂದೆಯೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿದ್ದರು.

ನನಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಲ್ಲದೆ ದಿನ ಕಳೆಯುವಂತಿಲ್ಲ. ಮಣ್ಣು ಪರೀಕ್ಷೆಯ ಕೆಲಸ ಸಿಕ್ಕಾಗ ಒಂದು ತಿಂಗಳ ತರಬೇತಿ ಬಿದ್ದದ್ದು ಕಲಬುರಗಿಯಲ್ಲಿ, ಅದೂ ಬಿರುಬೇಸಿಗೆಯಲ್ಲಿ. ಉಳಿಯುವ ಕೋಣೆಯಲ್ಲಿ ಫ್ರಿಜ್ ಇರಲಿಲ್ಲ. ಸೆಕೆಗೆ ಔಷಧಿ ಕೆಟ್ಟರೆ ಏನು ಗತಿ ಎಂದು ಅಪ್ಪ ಒಂದೇ ಮಾತಿಗೆ ಬೇಡ ಅಂದುಬಿಟ್ಟರು. ತರಬೇತಿಗೆ ಹೋಗದಿದ್ದರೆ ಕೆಲಸವೂ ಇಲ್ಲ. ನಮ್ಮ ಮನೆಯ ಫ್ರಿಜ್ಜನ್ನೂ ರಿಪೇರಿ ಮಾಡಿಕೊಡುತ್ತಿದ್ದ ಜಯಕ್ಕನ ಅಂಗಡಿಗೆ ಅಳುತ್ತಾ ಹೋದೆ.

ಅವರು ಬಿಸ್ಕತ್ತಿನಷ್ಟಗಲದ ಬಿಳಿ ಬಿಲ್ಲೆಯೊಂದನ್ನು ಬ್ಯಾಟರಿಗೆ ಸಿಕ್ಕಿಸಿ ನನ್ನ ಬೆರಳುಗಳ ನಡುವೆ ಇಟ್ಟರು. ಒಂದು ಮುಖ ತಣ್ಣಗೆ, ಇನ್ನೊಂದು ಮುಖ ಬಿಸಿ!

"ಗ್ಯಾಸಿಲ್ಲ, ಕಂಪ್ರೆಸರಿಲ್ಲ. ಕರೆಂಟು ಅರಿದ್ರೆ ಈ ಕಡೆ ಬಿಸಿ ಆ ಕಡೆಗೋಗ್ತದೆ. ತಂಪು ಅಂತ ಬ್ಯಾರೆ ಏನೂ ಇಲ್ಲ ಕಣವ್ವಾ. ಬಿಸೀನ ಆಚೆಗಾಕ್ಬೇಕು, ಅಷ್ಟೇಯ."

ಥರ್ಮಾಕೋಲ್ ತುಂಬಿದ ಪೆಟ್ಟಿಗೆಯ ಗೋಡೆಗೆ ಆ ಬಿಲ್ಲೆ ಕೂರಿಸಿ, ಬಿಸಿ ಆಚೆ ಹೋಗಲೆಂದು ಹೊರಮುಖಕ್ಕೆ ಅಲ್ಯುಮಿನಿಯಂ ರೆಕ್ಕೆಗಳನ್ನೂ ಪುಟ್ಟ ಫ್ಯಾನನ್ನೂ ಜೋಡಿಸಿದರು. "ದೊಡ್ಡ ಫ್ರಿಜ್ಜಿನಂಗಲ್ಲ. ಒರಗಿನ ಸೆಕೆಗಿಂತ ಒಂದಷ್ಟು ಕಮ್ಮಿ ಮಾಡ್ತದೆ. ನಿನ್ ಔಷ್ದಿಗೆ ಸಾಕಾ ಅಂತ ಡಾಕ್ಟರ್‌ನ ಕೇಳು" ಎಂದರು. ಅಷ್ಟು ತಂಪಿದ್ದರೆ ಔಷಧಿ ಒಂದು ತಿಂಗಳು ಕೆಡುವುದಿಲ್ಲ ಎಂದರು ಡಾಕ್ಟರು.

ಮನೆಗೆ ತಂದ ಮೊದಲ ದಿನವೇ ಎಡವಟ್ಟಾಯಿತು. ಇನ್ನಷ್ಟು ತಂಪಾಗಲಿ ಎಂದು ಅಜ್ಜಿ, ವೀಳ್ಯದೆಲೆಗೆ ಸುತ್ತುವ ಹಾಗೆ, ಪೆಟ್ಟಿಗೆಗೆಲ್ಲ ಒದ್ದೆ ಬಟ್ಟೆ ಸುತ್ತಿದ್ದರು. ಫ್ಯಾನಿಗೆ ಗಾಳಿಯಿಲ್ಲದೆ ಒಳಗೆಲ್ಲ ಬೆಚ್ಚಗಾಯಿತು. ಪುಣ್ಯಕ್ಕೆ ಒಳಗಿದ್ದದ್ದು ನೀರಿನ ಬಾಟಲಿ. "ನೋಡಿದ್ಯಾ?" ಎಂದರು ಅಪ್ಪ.

ಸುದ್ದಿ ಕೇಳಿದ ಜಯಕ್ಕ ಮರುದಿನ ಅಂಗಡಿ ಮುಚ್ಚಿ ಪುಟ್ಟೇನಹಳ್ಳಿಯ ನಮ್ಮ ಮನೆಗೇ ಬಂದರು. ಅಜ್ಜಿಯನ್ನು ಬೈಯಲಿಲ್ಲ. "ಒಲೆ ಉರಿಯೋವಾಗ ಒಗೆ ಓಗೋ ಕಿಂಡಿ ಮುಚ್ತೀರಾ ಅಜ್ಜೀ? ಇದೂ ಅಂಗೇಯ." ಆಮೇಲೆ ಕಲಬುರಗಿಯ ಹಾಗೇ ಕಾಯುವ ಮಹಡಿಯ ತಗಡಿನ ಕೋಣೆಯಲ್ಲಿ ಪೆಟ್ಟಿಗೆ ಇಟ್ಟು, ಥರ್ಮಾಮೀಟರನ್ನು ಅಪ್ಪನ ಕೈಗೇ ಕೊಟ್ಟರು. "ನಾನ್ ಏಳೋದು ಬ್ಯಾಡ. ನೀವೇ ನೋಡ್ಕಳಿ." ಅಪ್ಪ ಗಂಟೆಗೊಮ್ಮೆ ಬೆವರುತ್ತಾ ಮೆಟ್ಟಿಲು ಹತ್ತಿಳಿದರು. ಸಂಜೆ ಕೆಳಗೆ ಬಂದವರು ನನ್ನ ಮುಖ ನೋಡದೆ "ಟಿಕೆಟ್ ಬುಕ್ ಮಾಡ್ಕೋ" ಎಂದರು.

ಆಮೇಲೆ ಆ ಪೆಟ್ಟಿಗೆ ಹಿಡಿದು ಮಣ್ಣು ಪರೀಕ್ಷೆಗೆಂದು ನಾನು ಸುತ್ತದ ಜಿಲ್ಲೆಯಿಲ್ಲ.

ಹೋದ ವರ್ಷ ಜಯಕ್ಕ ಹಾಸಿಗೆ ಹಿಡಿದರೆಂದು ತಿಳಿದು ಮಾಕಳಿಗೆ ಹೋದೆ. ಮಾತು ಸಣ್ಣಗಾಗಿತ್ತು. ನೋಡಿಕೊಳ್ಳುತ್ತಿದ್ದ ನರ್ಸಿಗೆ ನನ್ನನ್ನು ತೋರಿಸಿ, "ಇವ್ಳು ಒಬ್ಳೇ ಊರೂರು ತಿರುಗ್ತಾಳೆ. ಬಲೇ ಗಟ್ಟಿಗಿತ್ತಿ" ಎಂದರು. ತಾವು ಮಾಡಿಕೊಟ್ಟ ಪೆಟ್ಟಿಗೆಯ ಸುದ್ದಿಯೇ ಎತ್ತಲಿಲ್ಲ. ಅದೇ ನಮ್ಮ ಕೊನೆಯ ಭೇಟಿಯಾಯಿತು. ಆ ದಿನ ನನ್ನ ಎದೆ ಉಬ್ಬಿತ್ತು. ಹೊರಡುವಾಗ ಆ ನರ್ಸಿಗೆ, ಮಲಗಿದ್ದ ಜಯಕ್ಕನಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಹೇಳಿಯೇ ಬಂದೆ: "ನನ್ನನ್ನ ಮನೆಯಿಂದ ಆಚೆ ಕಳಿಸಿದ್ದು ಇವರೇ ಕಣ್ರೀ."