ಅನ್ವರ್ ಸಾಬರ ಬಲಗೈ

ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನಾನು ಅಂಗರಚನಾಶಾಸ್ತ್ರ ಪಾಠ ಮಾಡುತ್ತೇನೆ. ಹಗಲೆಲ್ಲ ಶವಗಳ ನಡುವೆ ಇರುವವರಿಗೆ ವಿಚಿತ್ರ ಅನುಭವಗಳು ಬೇಕಾದಷ್ಟು ಆಗಿರುತ್ತವೆ ಎಂದು ಜನ ತಿಳಿದಿದ್ದಾರೆ. ಮದುವೆ ಊಟದಲ್ಲಿ ಪಕ್ಕ ಕೂತವರು ದನಿ ತಗ್ಗಿಸಿ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಆದದ್ದು ಫಾರ್ಮಲಿನ್ ವಾಸನೆಗೆ ಕಣ್ಣುರಿ, ನಿಂತು ನಿಂತು ಕಾಲುನೋವು, ಅಷ್ಟೇ. ದೇಹದಲ್ಲಿ ನಡೆಯುವ ಪ್ರತಿಯೊಂದಕ್ಕೂ ಒಂದು ದಾರಿ ಇರುತ್ತದೆ, ಅದು ಕಾಣಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ ಎಂದೇ ನಂಬಿದವಳು ನಾನು. ಈಗಲೂ ಬಹುಮಟ್ಟಿಗೆ ಹಾಗೇ ನಂಬಿದ್ದೇನೆ. ಆದರೆ ಕೆಲವು ವರ್ಷಗಳ ಹಿಂದೆ ಹರಿಹರದಲ್ಲಿ, ಬದುಕಿರುವ ಮನುಷ್ಯರೊಬ್ಬರ ಕೈಯಲ್ಲಿ ಕಂಡದ್ದನ್ನು ಆ ನಂಬಿಕೆಯೊಳಗೆ ಎಲ್ಲಿ ಇಡಬೇಕೋ ನನಗೆ ತಿಳಿದಿಲ್ಲ.

ಅವರು ಅನ್ವರ್ ಸಾಬ್. ಹರಿಹರದಲ್ಲಿ ಗಾದಿ ಹೊಲಿಯುವ ಅಂಗಡಿ ಇತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಗಾದಿಗಳು ಗಟ್ಟಿಯಾದಾಗಲೆಲ್ಲ ಅವರೇ ಬಂದು ಮಹಡಿಯ ಮೇಲೆ ಹತ್ತಿ ಬಿಡಿಸಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಅವರ ಕೆಲಸ ನೋಡುತ್ತ ನಿಂತುಬಿಡುತ್ತಿದ್ದೆ. ಉದ್ದನೆಯ ಸೂಜಿಯನ್ನು ಒಂದು ಕಡೆಯಿಂದ ಚುಚ್ಚಿ ಇನ್ನೊಂದು ಕಡೆ ದಾರ ಎಳೆಯುವಾಗ ಅವರ ಹೆಗಲಿನ ಸ್ನಾಯು ದುಂಡಗೆ ಎದ್ದು, ರಟ್ಟೆ ಬಿಗಿದು, ಮೊಣಕೈ ಮಡಿಚಿ ಬಿಚ್ಚುತ್ತಿತ್ತು. ಮೇಜಿನ ಮೇಲೆ ಬಿಡಿಸಿ ತೋರಿಸಲು ನಾನು ದಿನವಿಡೀ ಒದ್ದಾಡುವುದನ್ನು ಆ ಕೈ ಚರ್ಮದ ಮೇಲಿಂದಲೇ ತೋರಿಸುತ್ತಿತ್ತು. ಒಮ್ಮೆ ಅವರಿಗೆ ಹಾಗೆಂದು ಹೇಳಿದೆ. ನಾಚಿಕೊಂಡು ತೋಳಿನ ಬಟ್ಟೆ ಕೆಳಗಿಳಿಸಿಕೊಂಡರು.

ಒಂದು ದಿನ ಅವರು ಮಲೆಬೆನ್ನೂರಿನಿಂದ ಬೈಕಿನಲ್ಲಿ ವಾಪಸ್ ಬರುವಾಗ, ರಸ್ತೆಯ ಮೇಲೆ ಒಣಗಲು ಹಾಕಿದ್ದ ಭತ್ತದ ಹುಲ್ಲಿನ ಮೇಲೆ ಗಾಲಿ ಜಾರಿತು. ಹೆಲ್ಮೆಟ್ ಇದ್ದದ್ದರಿಂದ ಜೀವ ಉಳಿಯಿತು. ಆದರೆ ಬಿದ್ದ ರಭಸಕ್ಕೆ ಬಲ ಹೆಗಲು ಒಂದು ಕಡೆ, ತಲೆ ಇನ್ನೊಂದು ಕಡೆ ಎಳೆದುಕೊಂಡು ಹೋಗಿದ್ದವು. ಮೂಳೆ ಒಂದೂ ಮುರಿದಿರಲಿಲ್ಲ. ಕೈ ಮಾತ್ರ ಜೋತುಬಿದ್ದಿತ್ತು.

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕೈಗೆ ಬರುವ ನರಗಳೆಲ್ಲ ಕುತ್ತಿಗೆಯಲ್ಲಿ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಡುತ್ತವೆ. ಕೊರಳೆಲುಬಿನ ಹಿಂದೆ ಅವು ಕೂಡುತ್ತವೆ, ಕವಲೊಡೆಯುತ್ತವೆ, ಮತ್ತೆ ಕೂಡುತ್ತವೆ. ಕಂಕುಳಿಗೆ ಬರುವ ಹೊತ್ತಿಗೆ ಕೈಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಯನ್ನು ಮೂರು ಕಡೆಯಿಂದ ತಬ್ಬಿಕೊಂಡಂತೆ ಇರುತ್ತವೆ. ಅಲ್ಲಿಂದ ಒಂದು ನರ ರಟ್ಟೆಗೆ, ಒಂದು ಹೆಗಲಿಗೆ, ಉಳಿದವು ಬೆರಳ ತುದಿಯವರೆಗೆ. ಎಷ್ಟು ಸಲ ಪಾಠ ಮಾಡಿದರೂ ನನಗೆ ಬೇಸರ ಬರದ ಜಾಗ ಅದು. ಅನ್ವರ್ ಸಾಬರಿಗೆ ಆ ಬೇರುಗಳಲ್ಲಿ ಮೇಲಿನವು ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದವು, ಕೆಳಗಿನವು ಜಗ್ಗಿ ಹಾಳಾಗಿದ್ದವು. ಸ್ಕ್ಯಾನಿನಲ್ಲಿ ಅದು ಸ್ಪಷ್ಟವಾಗಿತ್ತು. ತುಂಡಾದ ನರ ಎಷ್ಟೋ ಸಲ ಬೆಳೆಯುತ್ತದೆ. ಹೀಗೆ ಬುಡದಿಂದ ಕಿತ್ತದ್ದು ತಾನಾಗಿ ಕೂಡುವುದಿಲ್ಲ. ರಕ್ತನಾಳಕ್ಕೆ ಏನೂ ಆಗಿರಲಿಲ್ಲ. ಕೈ ಬೆಚ್ಚಗಿತ್ತು, ನಾಡಿ ಬಡಿಯುತ್ತಿತ್ತು, ಆದರೆ ಮಿಸುಕುತ್ತಿರಲಿಲ್ಲ.

ದಾವಣಗೆರೆಗೆ ಆಗಾಗ ಬಂದು ಹೋಗುವ ನರಗಳ ಸರ್ಜನ್ ಒಬ್ಬರು ನನಗೆ ಪರಿಚಯ. ಪಕ್ಕೆಲುಬುಗಳ ನಡುವಿನ ನರಗಳನ್ನು ಬಿಡಿಸಿ ತಂದು ರಟ್ಟೆಯ ನರಕ್ಕೆ ಜೋಡಿಸಬಹುದು, ಮೊಣಕೈ ಮಡಿಚುವಷ್ಟಾದರೂ ಬಂದೀತು, ಆದರೆ ತಡ ಮಾಡಿದರೆ ಸ್ನಾಯು ಒಣಗಿ ಏನೂ ಉಳಿಯುವುದಿಲ್ಲ ಎಂದರು. ಅನ್ವರ್ ಸಾಬರಿಗೆ ಆಪರೇಷನ್ ಎಂದರೆ ಹೆದರಿಕೆ. ಎದೆ ಕೊಯ್ದು ಕೈಗೆ ಹಾಕುವುದು ಅವರಿಗೆ ಅರ್ಥವೇ ಆಗಲಿಲ್ಲ. ಒಪ್ಪಿಸಲು ನಾನು ಭಾನುವಾರಗಳಂದು ಹರಿಹರಕ್ಕೆ ಹೋಗತೊಡಗಿದೆ. ಅವರ ಹೆಂಡತಿ ಶಮೀಮ್ ಬಾನು ನನ್ನ ಪಕ್ಷ. ಅಂಗಡಿ ಮುಚ್ಚಬಾರದೆಂದು ತಾನೇ ಸೂಜಿ ಹಿಡಿದಿದ್ದ ಆಕೆ, ದಿನಾ ಗಂಡನ ಸತ್ತ ಕೈಗೆ ಎಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ಮಡಿಚಿ ಬಿಚ್ಚುತ್ತಿದ್ದಳು.

ಅಂಥ ಒಂದು ಭಾನುವಾರ ಮಧ್ಯಾಹ್ನ. ನಾನು ಹೋದಾಗ ಅನ್ವರ್ ಸಾಬ್ ನೋವಿನ ಮಾತ್ರೆ ತಗೊಂಡು ಅಂಗಡಿಯೊಳಗೆ ಒಂದರ ಮೇಲೊಂದು ಪೇರಿಸಿದ ಗಾದಿಗಳ ಮೇಲೆ ಮಲಗಿದ್ದರು. ಗಾದಿಗಳ ರಾಶಿ ಸೊಂಟದೆತ್ತರ ಇತ್ತು, ಕೆಳಗೆ ಕಡಪಾ ಕಲ್ಲಿನ ನೆಲ. ಬಲಗೈಯನ್ನು ಶಮೀಮ್ ಪಕ್ಕಕ್ಕೆ ಚಾಚಿ ಇಟ್ಟಿದ್ದಳು. ಆ ತೋಳಿನ ಮೇಲೆ ತಲೆ ಇಟ್ಟು ಅವರ ಮೊಮ್ಮಗಳು ನೂರಿ, ಇನ್ನೂ ಸರಿಯಾಗಿ ಮಾತು ಬಾರದ ಕೂಸು, ನಿದ್ದೆ ಹೋಗಿತ್ತು. ಅವರ ಮುಂಗೈ ಗಾದಿಯ ಅಂಚಿನಿಂದಾಚೆ ನೇತಾಡುತ್ತಿತ್ತು.

ಎಬ್ಬಿಸುವುದು ಬೇಡವೆಂದು ನಾನು ಅವರ ತಲೆಯ ಬದಿಗೆ ಸ್ಟೂಲ್ ಎಳೆದುಕೊಂಡು ಕೂತೆ. ಶಮೀಮ್ ಚಹಾಕ್ಕೆ ಒಳಗೆ ಹೋದಳು. ರೂಢಿಬಲದಿಂದ ನಾನು ಅವರ ಮೊಣಕೈಯ ಮಡಿಕೆಯಲ್ಲಿ ಎರಡು ಬೆರಳಿಟ್ಟೆ. ಅಲ್ಲಿ ರಟ್ಟೆಯ ಸ್ನಾಯುರಜ್ಜು ಇರುತ್ತದೆ, ಅದರ ಪಕ್ಕಕ್ಕೇ ಅಪಧಮನಿ. ನಾಡಿ ನಿಧಾನವಾಗಿ ಬಡಿಯುತ್ತಿತ್ತು. ರಜ್ಜು ಸಡಿಲವಾಗಿ, ತೊಳೆದಿಟ್ಟ ಲಾಡಿಯಂತೆ ಮೆತ್ತಗಿತ್ತು.

ಆಗ ಕೂಸು ಮಗ್ಗುಲಾಯಿತು. ಅಂಚಿನ ಕಡೆಗೆ. ನಾನು ಇನ್ನೊಂದು ಕೈ ಚಾಚುವ ಮೊದಲೇ ಅದರ ಮೈಯೆಲ್ಲ ಆಚೆಗೆ ಜಾರಿತ್ತು. ಅಷ್ಟರಲ್ಲಿ ನನ್ನ ಬೆರಳಡಿಯ ರಜ್ಜು ಬಿಗಿಯಿತು. ಕಲ್ಪನೆಯಲ್ಲ, ಸೆಟೆದು ನಿಂತು ನನ್ನ ಬೆರಳುಗಳನ್ನು ಮೇಲಕ್ಕೆ ತಳ್ಳಿತು. ನೇತಾಡುತ್ತಿದ್ದ ಮುಂಗೈ ಎದ್ದು, ಕೂಸಿನ ಬೆನ್ನಿನ ಸುತ್ತ ಬಂದು, ಅದನ್ನು ಎದೆಗೆ ಎಳೆದುಕೊಂಡಿತು. ಮರುಕ್ಷಣ ರಜ್ಜು ಸಡಿಲಾಯಿತು. ಕೈ ಇದ್ದಲ್ಲೇ ಸೋತು ಬಿತ್ತು.

ಅನ್ವರ್ ಸಾಬ್ ನಿದ್ದೆಯಲ್ಲೇ ಇದ್ದರು. ಉಸಿರು ಸಹ ಬದಲಾಗಿರಲಿಲ್ಲ. ನಾನು ತಲೆ ಎತ್ತಿದೆ. ಒಳಬಾಗಿಲಲ್ಲಿ ಶಮೀಮ್ ಚಹಾದ ಲೋಟ ಹಿಡಿದು ನಿಂತಿದ್ದಳು. ಅವಳೂ ನೋಡಿದ್ದಳು.

ಕೂಸು ಎದ್ದು ಅಳತೊಡಗಿದಾಗ ಅನ್ವರ್ ಸಾಬರಿಗೆ ಎಚ್ಚರವಾಯಿತು. ಎಡಗೈಯಿಂದ ಅದರ ತಲೆ ಸವರಿ, ಏನಾಯಿತು ಎಂದು ಕೇಳಿದರು. ಶಮೀಮ್ ಏನೂ ಇಲ್ಲ ಎಂದಳು. ಬಲಗೈ ಎತ್ತಲು ನೋಡಿ ಎಂದು ನಾನು ಹೇಳಿದೆ. ಮತ್ತೆ ಮೊಣಕೈಯ ಮಡಿಕೆಯಲ್ಲಿ ಬೆರಳಿಟ್ಟೆ. ಅವರು ಹಲ್ಲು ಕಚ್ಚಿ ಪ್ರಯತ್ನಿಸಿದರು. ನನ್ನ ಬೆರಳಡಿ ನಾಡಿ ಬಿಟ್ಟು ಬೇರೇನೂ ಇರಲಿಲ್ಲ.

ಹೊರಡುವಾಗ ಶಮೀಮ್ ಆಟೋವರೆಗೆ ಬಂದಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ರಸ್ತೆ ಕಡೆ ನೋಡುತ್ತ ಹೇಳಿದಳು:

"ಅವ್ರಿಗೆ ಹೇಳ್ಬ್ಯಾಡ್ರಿ ಮೇಡಂ. ಕೈ ತಾನ ಎದ್ದೈತೆ ಅಂತ ಗೊತ್ತಾದ್ರ ಆಪರೇಷನ್ ಬ್ಯಾಡ ಅಂತಾರ. ಮತ್ತ ಏಳ್ತತಿ ಅಂತ ಕಾಯ್ಕಂತ ಕುಂತುಬಿಡ್ತಾರ."

"ನಿನಗೆ ಏನನ್ನಿಸ್ತು ಶಮೀಮ್, ಅದು ಹೆಂಗಾತು?"

"ಅದು ಅಲ್ಲಾಗೆ ಗೊತ್ರಿ. ನನಗ ದಿನಾ ಏಳೋ ಕೈ ಬೇಕು."

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಕಣ್ಣೆದುರು ಅಂಥದ್ದು ನಡೆದ ಮೇಲೂ ಆಕೆಯ ತಲೆ ನೆಟ್ಟಗಿತ್ತು. ನನ್ನದು ಇರಲಿಲ್ಲ. ಆ ವಾರವೆಲ್ಲ ಪಾಠದ ನಡುವೆ ಮಾತು ಮರೆಯುತ್ತಿದ್ದೆ. ಕೈ ತಾನಾಗಿಯೇ ಚೇತರಿಸಿಕೊಳ್ಳುತ್ತಿದ್ದರೆ, ಜೋಡಣೆಗೆಂದು ರಟ್ಟೆಯ ನರವನ್ನು ಕತ್ತರಿಸುವುದು ತಪ್ಪು. ಚೇತರಿಕೆಯಲ್ಲದಿದ್ದರೆ ಕಾಯುವುದು ತಪ್ಪು. ಸರ್ಜನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಅನ್ವರ್ ಸಾಬರನ್ನು ಕರೆಸಿ, ಸ್ನಾಯುವಿಗೆ ಸೂಜಿ ಇಟ್ಟು ವಿದ್ಯುತ್ ಪರೀಕ್ಷೆ ಮತ್ತೆ ಮಾಡಿಸಿದರು. ಮೆದುಳಿನಿಂದ ಆ ಸ್ನಾಯುವಿಗೆ ಬರುವ ಸಂಕೇತದ ಸುಳಿವೇ ಇರಲಿಲ್ಲ.

"ನೀವು ನೋಡಿದ್ದನ್ನ ನಾನು ಸುಳ್ಳು ಅನ್ನಲ್ಲ ಮೇಡಂ. ಆದ್ರೆ ಅದನ್ನ ನಂಬಿ ಕೂತ್ರೆ ಈ ಕೈ ಹೋಗುತ್ತೆ," ಎಂದರು.

ಅನ್ವರ್ ಸಾಬ್ ಕೊನೆಗೆ ಒಪ್ಪಿದರು. ಒಪ್ಪಿಸಿದ್ದು ಶಮೀಮ್, ನಾನಲ್ಲ. ಆಪರೇಷನ್ ನೋಡಲು ಸರ್ಜನ್ ನನ್ನನ್ನು ಒಳಗೆ ಬಿಟ್ಟರು. ವರ್ಷಗಟ್ಟಲೆ ನಾನು ನೋಡಿದ್ದು ಶವದ ಕಂಕುಳು. ಅಲ್ಲಿ ಅಪಧಮನಿ ಎಂದರೆ ಚಪ್ಪಟೆಯಾದ, ಬಣ್ಣವಿಲ್ಲದ ಕೊಳವೆ. ಇಲ್ಲಿ ಅದು ದುಂಡಗೆ ತುಂಬಿಕೊಂಡು ಮಿಡಿಯುತ್ತಿತ್ತು, ಮಿಡಿದಾಗೆಲ್ಲ ಅದಕ್ಕೆ ಆತುಕೊಂಡ ಮುತ್ತಿನ ಬಣ್ಣದ ನರಗಳು ಮೆಲ್ಲಗೆ ಅಲುಗುತ್ತಿದ್ದವು. ಮಾಸ್ಕಿನೊಳಗೆ ನನ್ನ ಬಾಯಿ ತೆರೆದೇ ಇತ್ತು. ರಟ್ಟೆಯ ನರವನ್ನು ಕತ್ತರಿಸುವ ಮೊದಲು ಸರ್ಜನ್ ಅದಕ್ಕೆ ಸಣ್ಣ ವಿದ್ಯುತ್ ಕೊಟ್ಟು ನನ್ನ ಕಡೆ ನೋಡಿದರು. ಸ್ನಾಯು ಅಲುಗಲಿಲ್ಲ. ಮತ್ತೊಮ್ಮೆ ಕೊಟ್ಟರು. ಇಲ್ಲ. ಆಮೇಲೆ ಕತ್ತರಿಸಿ, ಪಕ್ಕೆಯಿಂದ ತಂದ ನರಗಳಿಗೆ ಕೂದಲಿಗಿಂತ ಸಪೂರ ದಾರದಲ್ಲಿ ಹೊಲಿದರು.

ನರ ಬೆಳೆಯುವುದು ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಶಮೀಮ್ ಎಣ್ಣೆ ಹಚ್ಚುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅನ್ವರ್ ಸಾಬ್ ಕೆಮ್ಮಿದಾಗ ರಟ್ಟೆ ಮಿಸುಕಿತಂತೆ. ಉಸಿರಾಟದ ನರವಲ್ಲವೇ, ಮೊದಮೊದಲು ದೀರ್ಘವಾಗಿ ಉಸಿರೆಳೆದರೆ ಮಾತ್ರ ಕೈ ಮಡಿಯುತ್ತಿತ್ತು. ಕ್ರಮೇಣ ಉಸಿರೆಳೆಯದೆಯೂ ಮಡಿಚುವುದನ್ನು ಕಲಿತರು. ಇದಕ್ಕಿಂತ ದೊಡ್ಡ ಅದ್ಭುತವನ್ನು ನಾನು ಕಂಡಿಲ್ಲ. ಇದರ ಒಂದೊಂದು ಹೆಜ್ಜೆಯನ್ನೂ ಹಲಗೆಯ ಮೇಲೆ ಬರೆದು ವಿವರಿಸಬಲ್ಲೆ.

ಆ ಮಧ್ಯಾಹ್ನದ್ದನ್ನು ವಿವರಿಸಲಾರೆ. ಮೈ ಹೊರಳಿ ಕೈ ಎಳೆದುಕೊಂಡು ಬಂದಿರಬಹುದೆಂದು ಹೇಳಿಕೊಂಡು ನೋಡಿದ್ದೇನೆ. ಅವರ ಮೈ ಹೊರಳಿರಲಿಲ್ಲ. ನನ್ನ ಬೆರಳಿಗೆ ಭ್ರಮೆಯಾಗಿರಬಹುದು ಎಂದರೆ, ಶಮೀಮ್ ಕಣ್ಣಿಗೂ ಆಗಿರಬೇಕು. ಪುಸ್ತಕದಲ್ಲಿಲ್ಲದ ಬೇರೆ ನರವೇನಾದರೂ ಇತ್ತೇ ಎಂದರೆ, ವಿದ್ಯುತ್ ಪರೀಕ್ಷೆ ಇಲ್ಲ ಎನ್ನುತ್ತದೆ. ಇಷ್ಟಕ್ಕೆ ನನ್ನ ವಿದ್ಯೆ ನಿಲ್ಲುತ್ತದೆ.

ಕಳೆದ ಸಲ ಹರಿಹರಕ್ಕೆ ಹೋದಾಗ ಅನ್ವರ್ ಸಾಬ್ ಅಂಗಡಿಯ ಮುಂದೆ ನಿಂತಿದ್ದರು. ನನ್ನನ್ನು ಕಂಡವರೇ ನೂರಿಯನ್ನು ಕರೆದು, ಎಡಗೈಯಿಂದ ಎತ್ತಿ, ಬಲಗೈಯನ್ನು ಮೆಲ್ಲಗೆ ಮಡಿಚಿ ಅವಳ ಬೆನ್ನಿಗೆ ಆನಿಸಿದರು. ಕೈ ನಡುಗುತ್ತಿತ್ತು, ಆದರೆ ಜಾರಲಿಲ್ಲ. ಮುಖವೆಲ್ಲ ಬೆವರು, ನಗು.

"ನೋಡ್ರಿ ಮೇಡಂ," ಎಂದರು. "ಬಿದ್ದ ಮ್ಯಾಲೆ ಈ ಕೈಯಾಗ ಇವ್ಳನ್ನ ಹಿಡಿದಿದ್ದು ಇದೇ ಮೊದಲು."

ಶಮೀಮ್ ನನ್ನ ಮುಖ ನೋಡಿದಳು. ಹೌದು ಎಂದೆವು, ಇಬ್ಬರೂ.