ಬಿಗಿಯದ ಎರಡು ಬೋಲ್ಟು

ಆ ಎರಡು ಬೋಲ್ಟುಗಳನ್ನು ನಾನು ಬಿಗಿ ಮಾಡಿರಲಿಲ್ಲ. ಮಾಡಿದ್ದೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿದ ಹರಿಹರದ ಖಲೀಲ್ ಚಾಚಾ, ತಪ್ಪು ತಮ್ಮ ಕೈಯದೇ ಎಂದುಕೊಂಡು ಆರು ವರ್ಷ ಬದುಕಿದರು. ನನ್ನ ತಮ್ಮ ಶಿವು ಇವತ್ತಿಗೂ ಎಡಗಾಲನ್ನು ತುಸು ಎಳೆದು ನಡೆಯುತ್ತಾನೆ — ಅದಕ್ಕೂ ಕಾರಣ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಿಧಾನವಾಗಿ ಹೇಳುತ್ತಾ ಹೋದರೆ ನಡುವೆ ಎಲ್ಲೋ ನನ್ನ ಪರವಾಗಿ ನಾನೇ ವಾದ ಶುರುಮಾಡಿಬಿಡುತ್ತೇನೆ, ನನಗೆ ನನ್ನ ಗುಣ ಗೊತ್ತು.

ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮನೆ, ಮನೆಯ ಕೆಳಗೇ ಕ್ಲಿನಿಕ್ಕು. ಶಿವುಗೆ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಚಿಕ್ಕಂದಿನಿಂದ ಅಕ್ಕ ತಮ್ಮ ಇಬ್ಬರಿಗೂ ಒಂದೇ ಹುಚ್ಚು, ಕಾರು. ಊರಿನ ಹಳೆಯ ಗಿರಣಿ ಮಾಲೀಕರೊಬ್ಬರ ಶೆಡ್ಡಿನಲ್ಲಿ ಎರಡು ಬಾಗಿಲಿನ ಒಂದು ಸ್ಪೋರ್ಟ್ಸ್ ಕಾರು ಗೋಣಿಚೀಲಗಳ ಅಡಿಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು, ಬಣ್ಣ ಬೂದಿಯಾಗಿತ್ತು. ಅವರಿಗೆ ಜಾಗ ಖಾಲಿಯಾದರೆ ಸಾಕಾಗಿತ್ತು, ನಮಗೆ ಅದು ಸಿಕ್ಕರೆ ಸಾಕಾಗಿತ್ತು. ಆವರಗೆರೆಯಲ್ಲಿದ್ದ ಶಿವುವಿನ ಗೋದಾಮಿನ ಒಂದು ಮೂಲೆಗೆ ತಳ್ಳಿಕೊಂಡು ಹೋದೆವು. ಮುಂದಿನ ಒಂದೂವರೆ ವರ್ಷ ನಾವು ಮಾಡಿದ್ದೆಲ್ಲ ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತಲೇ.

ನಮ್ಮ ಆಸೆ ದೊಡ್ಡದೇನಲ್ಲ. ತಮಿಳುನಾಡಿನ ರೇಸ್ ಟ್ರ್ಯಾಕೊಂದರಲ್ಲಿ ವರ್ಷಕ್ಕೆ ಕೆಲವು ದಿನ ಸಾಮಾನ್ಯ ಜನರೂ ತಮ್ಮ ಕಾರು ತಂದು ಓಡಿಸಬಹುದು. ಟ್ರ್ಯಾಕ್ ಡೇ ಅನ್ನುತ್ತಾರೆ. ಸ್ಪರ್ಧೆಯಲ್ಲ, ಬಹುಮಾನವಿಲ್ಲ, ಎದುರಿಗೆ ಎಮ್ಮೆ, ಆಟೋ, ಹಂಪು ಯಾವುದೂ ಇಲ್ಲದ ರಸ್ತೆ, ಅಷ್ಟೇ. ಅಲ್ಲಿಗೆ ಬರುವವರ ಕಾರುಗಳಿಗೆ ವಿದೇಶದಿಂದ ಸಾಮಾನು ಬರುತ್ತಿತ್ತು. ನಮ್ಮದಕ್ಕೆ ಗುಜರಿಯಿಂದ. ಹಿಂದಿನ ಸೀಟು, ಏಸಿ, ನೆಲದ ಜಮಖಾನ ಎಲ್ಲ ಕಿತ್ತು ಹಗುರ ಮಾಡಿದೆವು. ಅಪಘಾತವಾದ ಇನ್ನೊಂದು ಭಾರೀ ಕಾರಿನ ಬ್ರೇಕುಗಳನ್ನು ಬಿಚ್ಚಿಸಿ ತಂದೆವು. ಆದರೆ ಅವು ನಮ್ಮ ಕಾರಿಗೆ ಕೂರಬೇಕಾದರೆ ನಡುವೆ ಚಕ್ರಕ್ಕೊಂದು ಉಕ್ಕಿನ ಬ್ರಾಕೆಟ್ ಬೇಕು — ಅಂಗೈಯಗಲದ ತುಂಡು, ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು.

ಅಂಥ ಕೆಲಸಕ್ಕೆ ದಾವಣಗೆರೆಯವರು ಹರಿಹರಕ್ಕೇ ಹೋಗುವುದು. ಖಲೀಲ್ ಚಾಚಾ ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ನಿಂತವರು. ನಮ್ಮ ಪರಿಚಯವಾದಾಗ ಅರವತ್ತು ದಾಟಿತ್ತು. ಕಾರು ಒಯ್ದು ಬ್ರೇಕಿನ ಮಾತೆತ್ತಿದರೆ ಅವರು ಕಾರಿನೊಳಗೆ ತಲೆಹಾಕಿ ಸೀಟನ್ನು ಅಲ್ಲಾಡಿಸಿ ನೋಡಿದರು.

“ಡಾಕ್ಟ್ರಮ್ಮ, ಓಡ್ಸೋದು ನಿಲ್ಸೋದು ಆಮ್ಯಾಲೆ. ಮೊದ್ಲು ಮನುಷ್ಯ ಭದ್ರ ಕೂರ್ಬೇಕಲ್ರಿ. ಈ ಸೀಟು ಒಂದು ಗುದ್ದಿಗೆ ಕಿತ್ಕೊಂಡು ಬರ್ತೈತೆ.”

ನಾವು ಕೇಳದೇ ಇದ್ದ ಕೆಲಸ ಅದು. ಸೀಟಿಗೂ ಬೆಲ್ಟಿಗೂ ಕಾರಿನ ನೆಲದಿಂದಲೇ ಉಕ್ಕಿನ ಚೌಕಟ್ಟು ಕಟ್ಟಿಕೊಟ್ಟರು. ಅದಾದ ಮೇಲೆಯೇ ಬ್ರಾಕೆಟ್ಟಿಗೆ ಕೈಹಾಕಿದ್ದು. ಎರಡು ಸಲ ಮಾಡಿ, ತೃಪ್ತಿಯಾಗದೆ ಪಕ್ಕಕ್ಕೆಸೆದು ಮೂರನೆಯ ಜೊತೆಯನ್ನು ಕೊಟ್ಟರು. ನಾನು ಹಲ್ಲಿಗೆ ಕ್ಯಾಪ್ ಕೂರಿಸುವವಳು. ಕೂರುವುದು ಎಂದರೇನು ಎಂದು ನನಗೆ ಕಾಲೇಜು ಕಲಿಸಿದ್ದಕ್ಕಿಂತ ಹೆಚ್ಚು ಅವರ ಕೈ ನೋಡಿ ಅರ್ಥವಾಯಿತು. ಟಾರ್ಕ್ ಪಾನ ಹಿಡಿಯುವುದನ್ನೂ ಅವರೇ ಕಲಿಸಿದರು. ಬೋಲ್ಟಿನ ಬಿಗಿ ಸಾಕಾದಾಗ ಟಕ್ ಎಂದು ಹೇಳುವ ಸ್ಪ್ಯಾನರ್ ಅದು. “ಟಕ್ ಅನ್ನೋ ತನಕ ಬಿಡಬ್ಯಾಡ್ರಿ. ಕೈ ಸಾಕು ಅಂತೈತೆ, ಕೈ ಮಾತು ಕೇಳಬ್ಯಾಡ್ರಿ.” ಹೆಂಗಸು ಯಾಕೆ ಈ ಕೆಲಸಕ್ಕೆ ಎಂದು ಒಂದು ದಿನವೂ ಕೇಳದ ಮನುಷ್ಯ. ಆ ಒಂದಕ್ಕೇ ನಾನು ಅವರಿಗೆ ಎಷ್ಟು ಋಣಿ — ಆದರೆ ನಾನು ಮಾಡಿದ್ದು…

ಮೊದಲ ಟ್ರ್ಯಾಕ್ ಡೇ ಚೆನ್ನಾಗಿ ನಡೆಯಿತು. ಬ್ರೇಕು ಒತ್ತಿದಲ್ಲಿ ಕಾರು ನಿಂತಿತು. ಆದರೆ ಅಲ್ಲಿದ್ದ ಗಂಡಸರು ಶಿವುವನ್ನೇ ಮಾತಾಡಿಸುತ್ತಿದ್ದರು. “ಮೇಡಂ ಕೂಡ ಓಡಿಸ್ತಾರಾ?” ಎಂದು ನನ್ನೆದುರೇ ಅವನನ್ನು ಕೇಳಿದರು. ಕಾರಿನ ಅರ್ಧ ಕೆಲಸ ನನ್ನ ಕೈಯದೇ ಎಂದು ಅವನು ಹೇಳಿದಾಗ ನಕ್ಕರು. ಆ ನಗು ನನಗೆ ಚುಚ್ಚಿಕೊಂಡಿತು. ಎರಡನೆಯ ಸಲ ಹೋಗುವ ಮುನ್ನ ಕಾರು ಕಣ್ಣು ಕುಕ್ಕಬೇಕು ಎಂದುಕೊಂಡೆ. ಒಂದು ಶನಿವಾರ ಮಧ್ಯಾಹ್ನ ಒಬ್ಬಳೇ ಗೋದಾಮಿಗೆ ಹೋಗಿ, ಮುಂದಿನ ಬ್ರೇಕುಗಳನ್ನು ಬಿಚ್ಚಿ ಕೆಂಪು ಬಣ್ಣ ಬಳಿದೆ. ಯಾವ ಉಪಯೋಗವೂ ಇಲ್ಲದ ಬಣ್ಣ. ಒಣಗಿದ ಮೇಲೆ ಎಡಬದಿಯದನ್ನು ಸರಿಯಾಗಿ ಕೂರಿಸಿದೆ. ಬಲಬದಿಯ ಬ್ರೇಕನ್ನು ಬ್ರಾಕೆಟ್ಟಿಗೆ ಹಿಡಿಸುವ ಎರಡು ಬೋಲ್ಟುಗಳನ್ನು ಕೈಯಿಂದ ತಿರುಗಿಸಿ, ಸಣ್ಣ ಪಾನದಿಂದ ಒಂದು ಸುತ್ತು ಕೊಟ್ಟಿದ್ದೆನಷ್ಟೇ — ಕ್ಲಿನಿಕ್ಕಿನಿಂದ ಫೋನು ಬಂತು, ಮುಖ ಊದಿಕೊಂಡ ರೋಗಿಯೊಬ್ಬರು ಕಾಯುತ್ತಿದ್ದಾರೆ ಎಂದು. ಹೊರಟೆ. ಮರುದಿನ ಬೆಳಿಗ್ಗೆ ಕಾರು ಒಯ್ಯುವ ಲಾರಿ ಬಾಗಿಲಲ್ಲಿ ನಿಂತಿತ್ತು. ಗಡಿಬಿಡಿಯಲ್ಲಿ ಚಕ್ರ ಹಾಕಿದೆ. ಚಕ್ರ ಹಾಕಿದ ಮೇಲೆ ಬೋಲ್ಟು ಕಾಣುವುದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಮರೆವು ಎನ್ನಬಹುದಿತ್ತು. ಮರೆವಲ್ಲ. ಹಿರಿಯೂರು ದಾಟಿದ ಮೇಲೆ ನನಗೆ ನೆನಪಾಯಿತು. ಟಕ್ ಅಂದಿತ್ತಾ? ಬಲಬದಿಯದು — ಅಂದಿತ್ತಾ? ಟ್ರ್ಯಾಕ್ ತಲುಪಿದ ಮೇಲೂ ಹತ್ತು ನಿಮಿಷದ ಕೆಲಸ, ಚಕ್ರ ಬಿಚ್ಚಿ ನೋಡಿದ್ದರೆ ಆಗುತ್ತಿತ್ತು. ಆದರೆ ಆ ಗಂಡಸರೆಲ್ಲ ಅಲ್ಲೇ ಚಹಾ ಕುಡಿಯುತ್ತಾ ನಿಂತಿದ್ದರು. ಅವರೆದುರಿಗೆ ಜಾಕ್ ಹಾಕಿ, ಮಾಡಿದ ಕೆಲಸವನ್ನೇ ಮತ್ತೆ ಪರೀಕ್ಷಿಸುವುದು — ಆಗಲಿಲ್ಲ ನನಗೆ. ಮಾಡಿರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು, ಮೊದಲ ಸರದಿಗೆ ಸ್ಟೀರಿಂಗನ್ನು ತಮ್ಮನ ಕೈಗೆ ಕೊಟ್ಟೆ.

ಐದನೆಯ ಸುತ್ತಿನಲ್ಲಿ, ಉದ್ದನೆಯ ನೇರ ದಾರಿ ಮುಗಿದು ತಿರುವು ಬರುವಲ್ಲಿ ಬ್ರೇಕು ಕಳಚಿ ಚಕ್ರಕ್ಕೆ ಸಿಕ್ಕಿಕೊಂಡಿತು. ಕಾರು ಬಲಕ್ಕೆ ಸರ್ರನೆ ತಿರುಗಿ, ಹುಲ್ಲು ದಾಟಿ, ಟೈರುಗಳ ಗೋಡೆಗೆ ಹೊಡೆಯಿತು. ಆ ಸದ್ದನ್ನು ಬರೆಯಲಾರೆ. ನಾನು ಓಡಿಹೋದಾಗ ಶಿವು ಸೀಟಿನಲ್ಲಿ ಕೂತೇ ಇದ್ದ. ಮುಂಭಾಗವೆಲ್ಲ ಒಳಗೆ ಬಂದಿತ್ತು, ಪೆಡಲಿನ ಕೆಳಗೆ ಎಡ ಪಾದದ ಕೀಲು ಪುಡಿಯಾಗಿತ್ತು. ಆದರೆ ಸೀಟು ಕದಲಿರಲಿಲ್ಲ, ಬೆಲ್ಟು ಅವನನ್ನು ಬಿಟ್ಟಿರಲಿಲ್ಲ. ಆಂಬುಲೆನ್ಸಿನವರು ಆ ಚೌಕಟ್ಟನ್ನು ತೋರಿಸಿ, ಇದಿಲ್ಲದಿದ್ದರೆ ತಲೆ ಉಳಿಯುತ್ತಿರಲಿಲ್ಲ ಎಂದರು. ನನ್ನ ತಮ್ಮನನ್ನು ಉಳಿಸಿಕೊಟ್ಟದ್ದು ಖಲೀಲ್ ಚಾಚಾ. ಇದು ಆ ದಿನವೇ ನನಗೆ ಗೊತ್ತಿತ್ತು.

ಎರಡು ತಿಂಗಳಾದ ಮೇಲೆ ಶಿವು ಊರುಗೋಲು ಹಿಡಿದು, ಸೊಟ್ಟಗಾದ ಬ್ರಾಕೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೊರಟ. ನಾನೇ ಕಾರು ಓಡಿಸಿಕೊಂಡು ಹೋದೆ. ವರ್ಕ್‌ಶಾಪಿನ ಮುಂದೆ ಅವನು ಕೂಗಾಡತೊಡಗಿದಾಗ ಅಕ್ಕಪಕ್ಕದ ಅಂಗಡಿಗಳವರೆಲ್ಲ ಕೆಲಸ ನಿಲ್ಲಿಸಿ ಬಂದರು. “ನಿಮ್ಮನ್ನ ನಂಬಿ ಜೀವ ಒಪ್ಪಿಸಿದ್ದೆ ಕಣ್ರಿ! ಏನ್ರಿ ಇದು ಕೆಲ್ಸ?”

ಚಾಚಾ ಅವನ ಚೀಲಕ್ಕೆ ಕೈಹಾಕಿದರು. ಬ್ರಾಕೆಟ್ಟನ್ನು ಬೆಳಕಿಗೆ ಹಿಡಿದು, ತೂತುಗಳನ್ನು ಕಿರುಬೆರಳಿನಿಂದ ಸವರಿ ನೋಡಿದರು.

“ಇದು ಮುರ್ದಿಲ್ರಿ ಶಿವಣ್ಣ. ಬೋಲ್ಟು ಕೂರೋ ತೂತಿನ ಥ್ರೆಡ್ಡು ಹಂಗೇ ಐತೆ. ಬೋಲ್ಟು ತಾನೇ ಬಿಚ್ಕೊಂಡು ಬಂದೈತೆ.” ಆಮೇಲೆ ನನ್ನ ಕಡೆ ತಿರುಗಿದರು. ಅನುಮಾನವಿಲ್ಲ, ಆರೋಪವಿಲ್ಲ, ಕೆಲಸದ ಮಾತು ಕೇಳುವ ದನಿ. “ಡಾಕ್ಟ್ರಮ್ಮ, ನೀವು ಟಕ್ ಅನ್ನೋ ತನಕ ಬಿಗಿ ಮಾಡಿದ್ರಿ ಅಲ್ಲ?”

ಅಷ್ಟು ಜನರ ಕಣ್ಣು ನನ್ನ ಮೇಲೆ.

“ಮಾಡಿದ್ದೆ” ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ನಂಬಿದರು. ನಾನು ಅವರ ಶಿಷ್ಯೆಯಲ್ಲವೇ — ನಂಬದೆ ಏನು ಮಾಡಿಯಾರು? “ಹಂಗಾದ್ರೆ ತಪ್ಪು ನಂದೇ. ಬಿಚ್ಚದಂಗೆ ತಂತಿ ಕಟ್ಟಾಕೆ ತೂತು ಕೊಡ್ಬೇಕಿತ್ತು. ತಲಿಗೆ ಹೊಳೀಲಿಲ್ಲ. ಮಾಫ್ ಮಾಡ್ರಿ ಶಿವಣ್ಣ.”

“ಮಾಫ್ ಮಾಡಿದ್ರೆ ಕಾಲು ಮೊದ್ಲಿನಂಗೆ ಆಗ್ತೈತೇನ್ರಿ?” ಎಂದು ಬ್ರಾಕೆಟ್ಟನ್ನು ಅವರ ಕೈಯಿಂದ ಕಿತ್ತು ಕಾಲ ಬಳಿ ಎಸೆದು ಶಿವು ಕುಂಟುತ್ತಾ ಹೊರಟ. ಇನ್ನೂ ಏನೇನೋ ಅಂದ, ಬರೆಯಲಾರದಂಥವು. ನಾನು ಹಿಂದೆಯೇ ನಡೆದೆ.

ಆಮೇಲೆ ಚಾಚಾ ವಾಹನದ ಕೆಲಸವನ್ನೇ ಬಿಟ್ಟರೆಂದು ಕೇಳಿದೆ. ಜೀಪಿನವರು ಬರಲಿ, ಟ್ರಾಕ್ಟರಿನವರು ಬರಲಿ, “ಮನುಷ್ಯ ಕೂರೋ ವಸ್ತು ನಂಗೆ ಬ್ಯಾಡ್ರಿ” ಎಂದು ವಾಪಸು ಕಳಿಸುತ್ತಿದ್ದರಂತೆ. ನೀರಿನ ಪಂಪಿನ ಶಾಫ್ಟು, ಗಿರಣಿಯ ರೋಲರು, ಇಷ್ಟೇ. ಕೇಳಿದಾಗಲೆಲ್ಲ ನಾಳೆ ಹೋಗಿ ಹೇಳುತ್ತೇನೆ ಎಂದುಕೊಂಡೆ. ಆರು ವರ್ಷ ನಾಳೆ ಬರಲಿಲ್ಲ.

ಕೊನೆಗೆ ಅವರೇ ಬಂದರು, ಹೋದ ವರ್ಷ, ಒಡೆದ ದವಡೆ ಹಲ್ಲು ಹಿಡಿದುಕೊಂಡು. ದಾವಣಗೆರೆಯಲ್ಲಿ ಇಷ್ಟೊಂದು ಹಲ್ಲಿನ ಡಾಕ್ಟರುಗಳಿರುವಾಗ ನನ್ನ ಬಳಿಗೇ ಯಾಕೆ ಬಂದಿರಿ ಎಂದರೆ, “ನಿಮ್ಮ ಕೈ ನಾ ನೋಡೀನಿ, ಬ್ಯಾರೆಯವ್ರ ಕೈ ನೋಡಿಲ್ಲ” ಅಂದರು. ಮೂರನೆಯ ಭೇಟಿಯಲ್ಲಿ ಕ್ಯಾಪ್ ಕೂರಿಸಿದೆ. ಅವರು ಹಲ್ಲು ಕಚ್ಚಿ, ನಾಲಿಗೆ ಆಡಿಸಿ, ಮಗುವಿನ ಹಾಗೆ ಖುಷಿಪಟ್ಟರು.

“ಏನ್ ಕೂತೈತ್ರಿ! ನಿಮ್ಮ ಕೈ ತಪ್ಪಲ್ಲ ಡಾಕ್ಟ್ರಮ್ಮ. ನನ್ ಕೈ ಒಂದೇ ಸಲ ತಪ್ಪಿದ್ದು, ಅದು ನಿಮ್ಮ ಮನಿಗೇ ಬಂತು ನೋಡ್ರಿ.”

ನಾನು ಕೈಗವಸು ಕಳಚಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತೆ. “ಚಾಚಾ, ನಾನು ಬಿಗಿ ಮಾಡಿರಲಿಲ್ಲ. ನಿಮಗೆ ಸುಳ್ಳು ಹೇಳಿದೆ” ಎಂದೆ. ಬಣ್ಣ, ಫೋನು, ಹಿರಿಯೂರು, ಆ ಗಂಡಸರು, ಎಲ್ಲ ಹೇಳಿದೆ.

ಅವರು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು. ಆಮೇಲೆ, ಮೆಲ್ಲಗೆ: “ಆ ಬ್ರಾಕೆಟ್ಟು ನಾ ಇನ್ನೂ ನಾಕು ಸಲ ಮಾಡಿ ನೋಡ್ದೆ. ಎಲ್ಲಿ ತಪ್ಪಿದೆ ಅಂತ ಹುಡುಕ್ದೆ. ನಮಾಜಿಗೆ ಕೂತ್ರೂ ಅದೇ ಕಣ್ಮುಂದೆ.” ಕಣ್ಣು ಒರೆಸಿಕೊಂಡರು. “ಯಾಕ ಹಿಂಗ್ ಮಾಡಿದ್ರಿ?”

ಅವರ ಕತ್ತಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕುರ್ಚಿಯಿಂದ ಇಳಿಯಲು ಕೈಕೊಟ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ತಮ್ಮಂಗೆ ಹೇಳೀರೇನು?” ಇಲ್ಲವೆಂದೆ. “ಮೊದ್ಲು ಅವ್ರಿಗೆ ಹೇಳ್ರಿ. ಕಾಲು ಅವ್ರದು.” ಅಷ್ಟು ನೋವಿನಲ್ಲೂ ಅವರಿಗೆ ಶಿವುವಿನ ನೆನಪಾಯಿತು. ನನಗೆ ದಾರಿ ತೋರಿಸಿದ್ದು ಆ ಮಾತು.

ಆ ಮಧ್ಯಾಹ್ನವೇ ಮಂಡಿಪೇಟೆಗೆ ಹೋದೆ. ಶಿವು ಚೀಲಗಳ ನಡುವೆ ನಿಂತು ಪೂರ್ತಿ ಕೇಳಿಸಿಕೊಂಡ. “ಕಾಲು ಹೋಗ್ಲಿ ಬಿಡು ಅಕ್ಕ” ಅಂದ. “ಆ ವಯಸ್ಸಾದ ಮನುಷ್ಯನ ಮುಂದೆ ನನ್ ಬಾಯಿಂದ ಎಂಥೆಂಥ ಮಾತು ಆಡಿಸ್ದೆ ನೀನು. ಸುಮ್ನೆ ನಿಂತಿದ್ದೆ, ಅಲ್ವಾ? ಕೇಳ್ತಾ ನಿಂತಿದ್ದೆ.” ಮಾರನೆಯ ದಿನ ಅವನೊಬ್ಬನೇ ಹರಿಹರಕ್ಕೆ ಹೋಗಿ ಚಾಚಾರ ಕಾಲು ಮುಟ್ಟಿ ಬಂದನಂತೆ. ನನ್ನೊಡನೆ ನಾಲ್ಕು ತಿಂಗಳು ಮಾತಾಡಲಿಲ್ಲ. ಆ ನಾಲ್ಕು ತಿಂಗಳಿಗೂ ನಾನು ಅವನಿಗೆ ಕೃತಜ್ಞಳು. ಅಷ್ಟು ಸುಲಭವಾಗಿ ಕ್ಷಮಿಸಿಬಿಟ್ಟಿದ್ದರೆ ನಾನು ಮತ್ತೆ ಹಗುರಾಗಿಬಿಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ನಾನೂ ಹರಿಹರಕ್ಕೆ ಹೋದೆ. ಅಂದು ಕೇಳಿಸಿಕೊಂಡಿದ್ದ ಅಕ್ಕಪಕ್ಕದವರನ್ನೆಲ್ಲ ಕರೆದೆ. ಚಾಚಾ “ಬ್ಯಾಡ ಡಾಕ್ಟ್ರಮ್ಮ, ಆಗಿದ್ದಾತು” ಎಂದು ತಡೆಯುತ್ತಲೇ ಇದ್ದರು. ಹೇಳಿದೆ. ಎದುರು ಅಂಗಡಿಯ ವೆಲ್ಡರ್ ಒಬ್ಬರು, “ಆರು ವರ್ಷ ಬಾಯಿಗೆ ಬೀಗ ಹಾಕಿದ್ರೇನ್ರಿ?” ಎಂದರು. ಹೌದು ಎಂದೆ. ಚಾಚಾರ ಹೆಂಡತಿ ಒಳಗಿನಿಂದ ಚಹಾ ಕಳಿಸಿದರು. ಅದನ್ನು ಕುಡಿಯಲು ನನಗೆ ಎಷ್ಟು ಕಷ್ಟವಾಯಿತು, ಎಷ್ಟು ಸಮಾಧಾನವೂ ಆಯಿತು.

ಮತ್ತೆ ವಾಹನದ ಕೆಲಸ ಹಿಡಿಯಿರಿ ಎಂದು ಅಂದು ಅವರನ್ನು ಬೇಡಿಕೊಂಡೆ. ಅವರು ನಕ್ಕರು. “ಮನಸ್ಸು ಈಗ ಐತ್ರಿ. ಕಣ್ಣಿಲ್ಲ.” ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಅಳತೆಯ ಗೆರೆಗಳು ಈಗ ಅವರಿಗೆ ಕಾಣುವುದಿಲ್ಲ. ಕಾಣುತ್ತಿದ್ದ ಕೊನೆಯ ವರ್ಷಗಳನ್ನು ಅವರು ಪಂಪಿನ ಶಾಫ್ಟು ತಿರುಗಿಸುತ್ತಾ, ಮಾಡದ ತಪ್ಪನ್ನು ಹುಡುಕುತ್ತಾ ಕಳೆದರು.

ತಿಂಗಳಿಗೊಮ್ಮೆ ನಾನು ಹರಿಹರಕ್ಕೆ ಹೋಗಿ ಅವರನ್ನು ದಾವಣಗೆರೆಯ ಕಣ್ಣಿನ ಆಸ್ಪತ್ರೆಗೆ ಕರೆತರುತ್ತೇನೆ. ಮೊದಮೊದಲು ಬೇಡವೆಂದರು, ಈಗ ಬಾಗಿಲಲ್ಲೇ ಕಾಯುತ್ತಿರುತ್ತಾರೆ. ದಾರಿಯಲ್ಲಿ ಮೊಮ್ಮಗಳ ಓದಿನ ಮಾತು, ಹೊಸ ಮೇಲ್ಸೇತುವೆಯ ಮಾತು. ಹಳೆಯ ಮಾತು ಇಬ್ಬರೂ ಎತ್ತುವುದಿಲ್ಲ. ಹೋದ ಸಲ ಡಾಕ್ಟರು ಪರೀಕ್ಷೆ ಮಾಡಿ, ಉಳಿದಿರುವ ದೃಷ್ಟಿಯನ್ನು ಕಾಪಾಡಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು. ಚಾಚಾ “ಅಷ್ಟು ಸಾಕ್ರಿ” ಎಂದು ಎದ್ದು ನನ್ನ ಭುಜ ಹಿಡಿದರು. ಮೆಟ್ಟಿಲಿಳಿಯುವಾಗ ಆ ಕೈಯ ಭಾರ ನನ್ನ ಮೇಲಿತ್ತು. ಕ್ಷಮಿಸಿದ್ದೇನೆ ಎಂದು ಅವರು ಇವತ್ತಿನವರೆಗೂ ಹೇಳಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.